ಹತ್ತನೆಯವಳು

ಆ ಕೋಣೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳಬಾರದು ಎಂದು ಕಾನೂನಿದೆ. ಗಂಡನಿಗೂ ಹೇಳಬಾರದು, ಪಾದ್ರಿಗೂ ಹೇಳಬಾರದು. ಹೇಳಿದರೆ ಜೈಲು. ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ, ಇನ್ನು ನನ್ನ ಕೈಲಿ ಆಗುವುದಿಲ್ಲ. ನನಗೀಗ ಅರವತ್ತೆರಡು. ಹಿಡಿದುಕೊಂಡು ಹೋಗುವುದಾದರೆ ಹೋಗಲಿ, ಅಲ್ಲಿಯೂ ಬಟ್ಟೆ ಒಗೆಯುವ ಕೆಲಸ ಇದ್ದೇ ಇರುತ್ತದೆ.

ನನ್ನ ಹೆಸರು ಐವಿ ಗ್ರೀನ್‌ವುಡ್. ಯಾರ್ಕ್‌ಷೈರಿನ ಈ ಗಿರಣಿ ಊರಿನಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಹೆರಿಗೆ ವಾರ್ಡಿನದು, ಆಪರೇಷನ್ ಕೋಣೆಯದು, ಸಾಯುವವರ ವಾರ್ಡಿನದು, ಎಲ್ಲ ಹಾಸಿಗೆ ಬಟ್ಟೆಯೂ ನನ್ನ ಕೈಮೇಲೆ ಹಾದುಹೋಗಿದೆ. ಓದಿದವಳಲ್ಲ. ಆದರೆ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಎಂಬತ್ತಮೂರನೇ ಇಸವಿಯ ಮಾರ್ಚಿನಲ್ಲಿ ಕಂದು ಲಕೋಟೆ ಬಂತು. ಕ್ರೌನ್ ಕೋರ್ಟಿನಲ್ಲಿ, ತೀರ್ಪು ಹೇಳುವ ಹನ್ನೆರಡು ಜನ ಊರವರಲ್ಲಿ ಒಬ್ಬಳಾಗಿ, ಜ್ಯೂರಿಯಾಗಿ ಕೂರಲು ಹಾಜರಾಗಬೇಕು ಎಂದಿತ್ತು. ನನ್ನ ಗಂಡ ವಿಲ್ಫ್ ಅದನ್ನು ಎರಡು ಸಲ ಓದಿ ನಕ್ಕ.

“ನೀನು ನ್ಯಾಯ ಹೇಳೋಕೆ ಹೋಗ್ತೀಯಾ? ನಮ್ಮನೇಲಿ ಮೂವತ್ತೈದು ವರ್ಷದಿಂದ ವಿಚಾರಣೆನೇ ಇಲ್ದೆ ಶಿಕ್ಷೆ ಕೊಡ್ತಾ ಇದೀಯಲ್ಲ, ಅಲ್ಲಾದ್ರೂ ಎರಡೂ ಕಡೆಯವರ ಮಾತು ಕೇಳು ಮಾರಾಯ್ತಿ,” ಎಂದ.

ನಾನೂ ನಕ್ಕೆ. ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ. ಭಾನುವಾರ ಚರ್ಚಿಗೆ ಹಾಕುವ ಕೋಟನ್ನೇ ಹಾಕಿಕೊಂಡು ಹೋದೆ.

ನಮ್ಮ ಮುಂದೆ ಕಟಕಟೆಯಲ್ಲಿ ನಿಂತವನು ರೋಲ್ಯಾಂಡ್ ಹೋರ್ಸ್‌ಫಾಲ್. ಇಪ್ಪತ್ತಾರು ವರ್ಷ, ಸಣಕಲು ಮೈ, ಬೇಕರಿಯಲ್ಲಿ ಕೆಲಸ, ತಾಯಿಯ ಜೊತೆ ವಾಸ. ಹಿಂದಿನ ನವೆಂಬರಿನಲ್ಲಿ, ಒಂದು ಗುರುವಾರ ಸಂಜೆ, ಕಾರ್ಮಿಕರ ಕ್ಲಬ್ಬಿನ ಹಿಂದಿನ ಓಣಿಯಲ್ಲಿ ಕ್ಲಬ್ಬಿನ ಮೇನೇಜರು ಗಾರ್‌ಸೈಡ್ ಎಂಬವರ ಮುಖಕ್ಕೆ ಯಾರೋ ಒಡೆದ ಬಾಟಲಿಯಿಂದ ಹೊಡೆದಿದ್ದರು. ಒಂದು ಕಣ್ಣು ಹೋಗಿತ್ತು. ಅದಕ್ಕೆ ಹದಿನೈದು ದಿನ ಮೊದಲು ಗಾರ್‌ಸೈಡ್ ಇವನ ಜೊತೆ ಜಗಳವಾಡಿ ಕ್ಲಬ್ಬಿಗೆ ಕಾಲಿಡಬೇಡ ಎಂದಿದ್ದರಂತೆ. ಓಣಿಯ ಮನೆಯ ಮಹಡಿಯಿಂದ ಒಬ್ಬಾಕೆ ನೋಡಿದ್ದಳು. ಮುಖ ಕಾಣಲಿಲ್ಲ, ಬಿಳಿ ಕೋಟು ಹಾಕಿದ ಒಬ್ಬ ಗಂಡಸು ಓಡಿಹೋದ, ಅಷ್ಟೇ. ಬೇಕರಿಯವರು ಬಿಳಿ ಕೋಟು ಹಾಕುತ್ತಾರೆ. ಮಾಂಸದಂಗಡಿಯವರೂ ಹಾಕುತ್ತಾರೆ, ಹಾಲಿನವರೂ ಹಾಕುತ್ತಾರೆ. ಪೊಲೀಸರಿಗೆ ಮಾತ್ರ ಬೇಕರಿಯವನೇ ನೆನಪಾದ.

ಅದೇ ಸಂಜೆ ಎಂಟು ಗಂಟೆಗೆ ಪೊಲೀಸರು ಅವನ ಮನೆಗೆ ಹೋದಾಗ ಕೋಟು ಅಡುಗೆಮನೆಯಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು. ಇನ್ನೂ ಬಿಸಿ ಹಬೆಯಾಡುತ್ತಿತ್ತು. ಅಪ್ಪಟ ಬಿಳಿ, ಒಂದು ಚುಕ್ಕೆಯೂ ಇರಲಿಲ್ಲ. ಸರಕಾರದ ವಕೀಲರು ಆ ಕೋಟನ್ನು ಪಾರದರ್ಶಕ ಚೀಲದಲ್ಲಿ ಹಾಕಿ ನಮ್ಮ ಕೈಯಿಂದ ಕೈಗೆ ದಾಟಿಸಿದರು.

ಹೊಡೆದವನ ಎದೆಯ ಮೇಲೆಲ್ಲ ರಕ್ತ ಸಿಡಿದಿರಲೇಬೇಕು ಎಂದು ಶಸ್ತ್ರವೈದ್ಯರು ಹೇಳಿದರು. ಆಮೇಲೆ ರೋಲ್ಯಾಂಡನ ತಾಯಿ ಎಡ್ನಾ ಹೋರ್ಸ್‌ಫಾಲ್ ಸಾಕ್ಷಿ ಹೇಳಲು ಬಂದರು. ನನ್ನದೇ ವಯಸ್ಸು, ಕೆಂಪಗಾಗಿ ಬಿರುಕುಬಿಟ್ಟ ಕೈಗಳು.

“ಕೋಟನ್ನು ಒಗೆದದ್ದು ಯಾರು?” ಎಂದು ಸರಕಾರದ ವಕೀಲರು ಕೇಳಿದರು.

“ನಾನೇ ಸ್ವಾಮಿ. ಅವನು ಕೆಲಸದಿಂದ ಬಂದ ತಕ್ಷಣ ಬಿಚ್ಚಿಸ್ಕೊಂಡು ಹಾಕ್ತೀನಿ. ದಿನಾ ಹಾಗೇ.”

“ತಣ್ಣೀರಿನಲ್ಲೋ, ಬಿಸಿನೀರಿನಲ್ಲೋ?”

“ಬಿಸಿ ಅಲ್ಲ, ಕುದಿಯೋ ನೀರಲ್ಲಿ. ಬಿಳಿ ಬಟ್ಟೆ ನಾನು ಯಾವಾಗ್ಲೂ ನೇರವಾಗಿ ಕುದಿಸೋದೇ. ನಮ್ಮಮ್ಮನೂ ಹಾಗೇ ಮಾಡ್ತಿದ್ರು.”

ವಕೀಲರು ನಮ್ಮ ಕಡೆ ತಿರುಗಿ, ಕುದಿಯುವ ನೀರು, ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಪ್ರಯೋಗಾಲಯದವನು ಬಂದು, ಹಾಗೆ ಕುದಿಸಿದ ಮೇಲೆ ತನ್ನ ಪರೀಕ್ಷೆಗೆ ಸಿಗುವಂಥದ್ದು ಏನೂ ಉಳಿಯುವುದಿಲ್ಲ ಎಂದ. ರೋಲ್ಯಾಂಡನ ಪರ ನಿಂತ ವಕೀಲರು ಎದ್ದು ಏನೇನೋ ಕೇಳಿದರು, ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ. ಆ ಮನುಷ್ಯ ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನಾದರೂ ತಾನೇ ಒಗೆದುಕೊಂಡಿರಲಿಕ್ಕಿಲ್ಲ.

ರಕ್ತದ ಬಟ್ಟೆಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಕಲೆ ಹೋಗುವುದಿಲ್ಲ, ಕಚ್ಚಿಕೊಳ್ಳುತ್ತದೆ. ಕಂದುಬಣ್ಣಕ್ಕೆ ತಿರುಗಿ ನೂಲಿನೊಳಗೆ ಬೆಂದುಹೋಗುತ್ತದೆ. ನಮ್ಮ ಲಾಂಡ್ರಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದೇ: ರಕ್ತ ಇದ್ದರೆ ಮೊದಲು ತಣ್ಣೀರು, ಗಂಟೆಗಟ್ಟಲೆ ತಣ್ಣೀರು, ಆಮೇಲೆ ಬಿಸಿ. ಮರೆತು ಕುದಿಸಿದ ಹಾಸಿಗೆ ಬಟ್ಟೆಗಳನ್ನು ಹರಿದು ನೆಲ ಒರೆಸಲು ಕೊಡುತ್ತಿದ್ದೆವು, ಇನ್ನು ಯಾವುದಕ್ಕೂ ಬರುತ್ತಿರಲಿಲ್ಲ. ಎಡ್ನಾ ಹೇಳಿದ ಹಾಗೆ ನೇರವಾಗಿ ಕುದಿಸಿದ್ದೇ ನಿಜವಾಗಿದ್ದರೆ (ಪೊಲೀಸರ ಮಾತೂ ಅದೇ ಆಗಿತ್ತು), ಆ ಕೋಟಿನ ಮೇಲೆ ರಕ್ತ ಬಿದ್ದೇ ಇರಲಿಲ್ಲ. ಕುದಿಸಿದ್ದೇ ಅವನ ಪರವಾದ ಸಾಕ್ಷಿ. ಇಡೀ ಕೋರ್ಟಿನಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ ಎಂದು ಕಾಣುತ್ತದೆ, ಮಾತಾಡಲು ಹಕ್ಕಿಲ್ಲದ ಜಾಗದಲ್ಲಿ ಕೂತಿದ್ದೆ.

ಶುಕ್ರವಾರ ಹನ್ನೊಂದೂವರೆಗೆ ನಮ್ಮನ್ನು ಒಳಗೆ ಕಳಿಸುವ ಮುಂಚೆ ಜಡ್ಜ್ ಸಾಹೇಬರು ನಿಧಾನವಾಗಿ, ಒಳ್ಳೆಯ ಮಾತಿನಲ್ಲೇ ಎಚ್ಚರಿಸಿದರು. “ಈ ಕೋರ್ಟಿನಲ್ಲಿ ನೀವು ಕೇಳಿದ ಸಾಕ್ಷ್ಯದ ಮೇಲೆ ಮಾತ್ರ ತೀರ್ಮಾನ ಮಾಡಬೇಕು. ಹೊರಗಿನದು ಯಾವುದೂ ಒಳಗೆ ಬರಬಾರದು. ನೀವು ಪತ್ತೇದಾರರಲ್ಲ.” ನಾನು ಆ ಮಾತನ್ನು ಶಾಲೆಯ ಹುಡುಗಿಯ ಹಾಗೆ ಮನಸ್ಸಿನಲ್ಲಿ ಬರೆದುಕೊಂಡೆ. ಅದೇ ನನಗೆ ಮುಳುವಾಯಿತು.

ಜ್ಯೂರಿ ಕೋಣೆಯಲ್ಲಿ ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ತುಂಬಿ ತುಳುಕುವ ಬೂದಿ ತಟ್ಟೆಗಳು, ಬಣ್ಣ ಬಳಿದು ಅಂಟಿಹೋದ ಒಂದು ಕಿಟಕಿ. ಬಾಗಿಲ ಹೊರಗೆ ಕರಿ ನಿಲುವಂಗಿಯ ಕೋರ್ಟಿನ ಜವಾನ. ಒಳಗೆ ಹೋದ ಮೇಲೆ ತೀರ್ಪು ಹೇಳುವವರೆಗೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ, ಆಗಿನ ನಿಯಮ ಹಾಗಿತ್ತು. ಸುಗ್ಡನ್ ಎಂಬ ಶಾಲೆಯ ಉಪಮುಖ್ಯೋಪಾಧ್ಯಾಯರನ್ನು ನಾವು ಮುಖಂಡರನ್ನಾಗಿ ಮಾಡಿಕೊಂಡೆವು. ಮಾಡಿಕೊಂಡೆವು ಎಂದರೆ, ಅವರು ಹೋಗಿ ಮೇಜಿನ ತಲೆಯ ಕಡೆ ಕೂತರು, ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಮೊದಲ ಸುತ್ತಿಗೇ ಒಂಬತ್ತು ಜನ ಅಪರಾಧಿ ಎಂದರು. ಅಲ್ಲ ಎಂದವರು ಮೂವರು. ನಾನು, ಗಣಿಯಿಂದ ನಿವೃತ್ತನಾದ ಏಮಸ್ ಕ್ಲೆಗ್ ಎಂಬ ಮುದುಕ, ಬಸ್ ಕಂಡಕ್ಟರ್ ಇಕ್ಬಾಲ್.

“ಪೊಲೀಸ್ನೋರು ಬೆಳಗಾಯ್ತು ಅಂದ್ರೂ ನಾನು ಕಿಟಕಿ ತೆಗೆದು ನೋಡ್ತೀನಿ,” ಎಂದ ಏಮಸ್. ಅವನ ಬಳಿ ಇದ್ದದ್ದು ಅದೊಂದೇ ವಾದ.

ಇಕ್ಬಾಲ್ ಮೆತ್ತಗೆ ಹೇಳಿದ: “ಮುಖ ನೋಡಿಲ್ಲ ಅಂತ ಆಯಮ್ಮನೇ ಹೇಳಿದಾರೆ ಸರ್. ನಮ್ಮ ಬಸ್ಸಲ್ಲಿ ಒಂದೇ ಥರ ಕೋಟು ಹಾಕಿದವರು ದಿನಾ ನಲವತ್ತು ಜನ ಹತ್ತುತ್ತಾರೆ.”

“ಹಾಗಾದರೆ ಕೋಟನ್ನ ಅಷ್ಟು ಅವಸರದಲ್ಲಿ ಯಾಕೆ ಕುದಿಸಿದ್ರು?” ಎಂದರು ಸುಗ್ಡನ್. ಒಂಬತ್ತು ಜನರೂ ತಲೆಯಾಡಿಸಿದರು. ಎಲ್ಲರ ಮನಸ್ಸು ಆ ಕುದಿಯುವ ನೀರಿನಲ್ಲೇ ಇತ್ತು.

ನಾನು ಗಂಟಲು ಸರಿಮಾಡಿಕೊಂಡೆ. “ನಾನು ಆಸ್ಪತ್ರೆ ಲಾಂಡ್ರಿಲಿ ಇಪ್ಪತ್ತಾರು ವರ್ಷ ಇದ್ದೆ. ರಕ್ತನ ಕುದಿಸಿದ್ರೆ…”

“ಒಂದು ನಿಮಿಷ, ಮಿಸೆಸ್ ಗ್ರೀನ್‌ವುಡ್.” ಸುಗ್ಡನ್ ಕೈ ಎತ್ತಿದರು. ಗದರಿಸಲಿಲ್ಲ, ಅದೇ ಕಷ್ಟ, ಬಹಳ ಮರ್ಯಾದೆಯಿಂದ ಹೇಳಿದರು. “ನೀವೀಗ ಹೇಳಹೊರಟಿರೋದು ಸಾಕ್ಷಿಗಳು ಯಾರಾದ್ರೂ ಹೇಳಿದ್ದಾ?”

“ಇಲ್ಲ, ಆದ್ರೆ ನನಗೆ ಗೊತ್ತು.”

“ಅದೇ. ನಿಮಗೆ ಗೊತ್ತು. ಹಾಗಂದ್ರೆ ಅದು ಹೊರಗಿನದು. ಸಾಹೇಬ್ರು ಏನು ಹೇಳಿದ್ರು ಕೇಳಿಸ್ಕೊಂಡ್ರಲ್ಲ. ನೀವು ಇಲ್ಲಿ ಸಾಕ್ಷಿ ಹೇಳೋಕಾಗಲ್ಲ. ನಾಳೆ ಇಡೀ ವಿಚಾರಣೆ ರದ್ದಾದ್ರೆ ಆ ಹೊಣೆ ನಿಮ್ಮ ಮೇಲೆ ಬರುತ್ತೆ.”

ಆ ಮನುಷ್ಯ ಮೋಸ ಮಾಡಲಿಲ್ಲ, ಅವರು ಅದನ್ನು ನಂಬಿದ್ದರು. ನಾನೂ ನಂಬಿದೆ. ಬಾಯಿ ಮುಚ್ಚಿಕೊಂಡೆ. ಏಮಸ್ ಮಾತ್ರ ನನ್ನ ಕಡೆ ಬಗ್ಗಿ, “ಹೇಳಮ್ಮ ತಾಯಿ, ಅವನ್ಯಾರು ನಿನ್ನ ಬಾಯಿ ಮುಚ್ಚೋಕೆ?” ಎಂದ. ನಾನು ತಲೆ ಅಲ್ಲಾಡಿಸಿದೆ. ನಿಯಮ ಎಂದರೆ ನಿಯಮ ಎಂದು ಬೆಳೆದವಳು ನಾನು. ಸಾಲು ಮುರಿದವಳಲ್ಲ, ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಒಂದು ನಿಲ್ದಾಣವೂ ಹೋದವಳಲ್ಲ.

ಮಧ್ಯಾಹ್ನ ಹಂದಿ ಮಾಂಸದ ಸ್ಯಾಂಡ್‌ವಿಚ್ಚು, ಚಹಾ ಕೊಟ್ಟರು. ಆಗ ನನಗೊಂದು ಯೋಚನೆ ಬಂತು. ಜಡ್ಜ್‌ಗೆ ಏನಾದರೂ ಕೇಳಬೇಕಿದ್ದರೆ ಚೀಟಿ ಬರೆದು ಜವಾನನ ಕೈಲಿ ಕೊಡಬಹುದು ಎಂದು ಮೊದಲ ದಿನವೇ ಹೇಳಿದ್ದರು. ಸ್ಯಾಂಡ್‌ವಿಚ್ಚು ಸುತ್ತಿ ಬಂದ ಕಾಗದದ ಮೂಲೆ ಹರಿದು, ಬಟ್ಟೆಗೆ ಬಿದ್ದ ರಕ್ತ ಕುದಿಸಿದರೆ ಹೋಗುತ್ತದೆಯೇ ಎಂದು ಸಾಹೇಬರು ತಿಳಿದವರನ್ನು ಕೇಳಿ ಹೇಳಬಹುದೇ, ಎಂದು ಬರೆದೆ. ಬರೆದು ಕೈಯಲ್ಲಿ ಹಿಡಿದುಕೊಂಡೆ. ಕೊಟ್ಟರೆ ಎಲ್ಲರನ್ನೂ ಮತ್ತೆ ಕೋರ್ಟಿಗೆ ಕರೆಯುತ್ತಾರೆ. ಬಿಳಿ ಕೂದಲ ಟೋಪಿಯ ದೊಡ್ಡ ಮನುಷ್ಯರೆಲ್ಲ ಎದ್ದು ನಿಲ್ಲುತ್ತಾರೆ. ಸಾಹೇಬರು ಕನ್ನಡಕ ಏರಿಸಿ, ಬಟ್ಟೆ ಒಗೆಯುವ ಹೆಂಗಸಿನ ಪ್ರಶ್ನೆಯನ್ನು ಇಡೀ ಕೋರ್ಟಿಗೆ ಗಟ್ಟಿಯಾಗಿ ಓದುತ್ತಾರೆ. ಅದನ್ನು ನೆನೆದೇ ನನ್ನ ಮುಖ ಬಿಸಿಯಾಯಿತು. ಚೀಟಿಯನ್ನು ಕೈಚೀಲಕ್ಕೆ ಹಾಕಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಅದು, ಆದರೆ ಆಗ ಅದು ಸಭ್ಯತೆ ಎನಿಸಿತ್ತು.

ಮೂರು ಗಂಟೆಗೆ ಜಡ್ಜ್ ನಮ್ಮನ್ನು ಕರೆಸಿ, ಹನ್ನೆರಡು ಜನರೂ ಒಪ್ಪದಿದ್ದರೆ ಹತ್ತು ಜನ ಒಪ್ಪಿದರೂ ಸಾಕು ಎಂದರು. ಒಂಬತ್ತು ಇತ್ತು. ಇನ್ನೊಂದು ಬೇಕಿತ್ತು. ಮತ್ತೆ ಕೋಣೆಗೆ ಬಂದ ಮೇಲೆ ಎಲ್ಲರ ಕಣ್ಣೂ ನಮ್ಮ ಮೂವರ ಮೇಲೆ. ಏಮಸ್ ಕಲ್ಲಿನ ಹಾಗೆ ಕೂತಿದ್ದ. ಇಕ್ಬಾಲನನ್ನು ಕಾರು ಮಾರುವವನೊಬ್ಬ ಕುಟುಕಿದ: “ನಿಮ್ಮೂರಲ್ಲಿ ಹೇಗೋ ಏನೋ, ಇಲ್ಲಿ ನಾವು ಕಣ್ಣು ಕಿತ್ತವರನ್ನ ಬಿಟ್ಟು ಕಳಿಸಲ್ಲ.” ಇಕ್ಬಾಲನ ಮುಖ ಕೆಂಪಾಯಿತು. “ನಾನು ಹುಟ್ಟಿದ್ದು ಈ ಕೋರ್ಟಿನ ಹಿಂದಿನ ಬೀದೀಲಿ ಸರ್,” ಎಂದ. ಮತ ಬದಲಿಸಲಿಲ್ಲ. ಉಳಿದವಳು ನಾನು.

ನಾಲ್ಕೂವರೆಗೆ ಜವಾನ ಬಾಗಿಲು ತಟ್ಟಿ ತಲೆ ಹಾಕಿದ. “ಐದು ಗಂಟೆಯೊಳಗೆ ಆಗದಿದ್ರೆ ಹೋಟೆಲಿಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ಹನ್ನೆರಡು ಕೋಣೆ ಹೇಳಿಟ್ಟಿದ್ದೀವಿ. ಮನೆಗೆ ಫೋನ್ ಮಾಡೋ ಹಾಗಿಲ್ಲ, ನಾವೇ ತಿಳಿಸ್ತೀವಿ.”

ಮನೆಯಲ್ಲಿ ಗಂಡ ಕಾಯಿಲೆ ಬಿದ್ದಿದ್ದ ಎಂದು ಈಗ ನೆಪ ಹೇಳಲು ನನಗೆ ಎಷ್ಟು ಆಸೆ. ಆದರೆ ಬಿದ್ದಿರಲಿಲ್ಲ. ವಿಲ್ಫ್ ಗುಂಡುಕಲ್ಲಿನ ಹಾಗೆ ಇದ್ದ, ಹಿತ್ತಲಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ ಕೂತಿದ್ದ. ನನಗೆ ಆ ಕ್ಷಣದಲ್ಲಿ ಹೊಳೆದದ್ದು ಒಂದೇ: ನನ್ನ ಬಳಿ ರಾತ್ರಿ ಹಾಕಿಕೊಳ್ಳಲು ನೈಟಿ ಇಲ್ಲ. ನಾನು ಹುಟ್ಟಿದಾಗಿನಿಂದ ಹೋಟೆಲಿನಲ್ಲಿ ಮಲಗಿದವಳಲ್ಲ. ಒಳಉಡುಪನ್ನು ಕೈತೊಳೆಯುವ ಬೋಗುಣಿಯಲ್ಲಿ ಒಗೆದು ಎಲ್ಲಿ ಒಣಹಾಕುವುದು, ಬೆಳಿಗ್ಗೆ ಈ ಗಂಡಸರ ಮುಂದೆ ನಿನ್ನೆಯ ಬಟ್ಟೆಯಲ್ಲೇ ಹೇಗೆ ತಿಂಡಿಗೆ ಕೂರುವುದು. ಇದನ್ನೇ ಯೋಚಿಸುತ್ತಿದ್ದೆ. ಅಲ್ಲಿ ಕೆಳಗೆ ಕಲ್ಲಿನ ಕೋಣೆಯಲ್ಲಿ ಒಬ್ಬ ತನ್ನ ಬದುಕು ಏನಾಗುತ್ತದೋ ಎಂದು ಕಾಯುತ್ತಿದ್ದ.

“ಮಿಸೆಸ್ ಗ್ರೀನ್‌ವುಡ್,” ಎಂದರು ಸುಗ್ಡನ್, ಮಗುವಿಗೆ ಹೇಳುವ ಹಾಗೆ. “ಒಂಬತ್ತು ಜನ ಸೇರಿ ತಪ್ಪು ಮಾಡ್ತೀವಾ? ನಿಮಗೆ ಯಾರ ಮೇಲೂ ಹಟ ಇಲ್ಲ, ನನಗೆ ಗೊತ್ತು.”

“ಇಲ್ಲ,” ಎಂದೆ.

“ಹಾಗಾದ್ರೆ?”

“ಆಗ್ಲಿ ಬಿಡಿ,” ಎಂದೆ.

ಅಷ್ಟೇ. ಆಗ್ಲಿ ಬಿಡಿ. ಎರಡು ಮಾತು. ಏಮಸ್ ನನ್ನ ಕಡೆಯಿಂದ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡ. ಇಕ್ಬಾಲ್ ನನ್ನ ಮುಖ ನೋಡಲಿಲ್ಲ.

ಕೋರ್ಟಿನಲ್ಲಿ ಗುಮಾಸ್ತರು ಎದ್ದು ಕೇಳಿದರು. ಕನಿಷ್ಠ ಹತ್ತು ಜನ ಒಪ್ಪಿದ ತೀರ್ಪು ಇದೆಯೇ? ಇದೆ, ಎಂದರು ಸುಗ್ಡನ್. ಅಪರಾಧಿಯೋ, ಅಲ್ಲವೋ? ಅಪರಾಧಿ. ಹಾಗೆ ಹೇಳಿದ ಮೇಲೆ, ಎಷ್ಟು ಜನ ಒಪ್ಪಿದರು, ಎಷ್ಟು ಜನ ಒಪ್ಪಲಿಲ್ಲ ಎಂದು ಎಲ್ಲರೆದುರು ಹೇಳಬೇಕು, ಅದು ಪದ್ಧತಿ. ನನಗೆ ಗೊತ್ತಿರಲಿಲ್ಲ. ಸುಗ್ಡನ್ ಸ್ಪಷ್ಟವಾಗಿ ಹೇಳಿದರು: “ಹತ್ತು ಜನ ಒಪ್ಪಿದ್ದಾರೆ. ಇಬ್ಬರು ಒಪ್ಪಿಲ್ಲ.”

ಜನ ಕೂರುವ ಮೇಲಿನ ಸಾಲಿನಲ್ಲಿ ಎಡ್ನಾ ಹೋರ್ಸ್‌ಫಾಲ್ ಎದ್ದು ನಿಂತರು. ಕೂಗಲಿಲ್ಲ. ನಮ್ಮ ಹನ್ನೆರಡು ಮುಖಗಳನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ ಹೋದರು, ಆ ಇಬ್ಬರನ್ನು ಹುಡುಕುತ್ತಿದ್ದರು. ನಾನು ಅಳುತ್ತಿದ್ದೆ. ಅವರ ಕಣ್ಣು ನನ್ನ ಮೇಲೆ ನಿಂತಿತು. ಕಟಕಟೆಯಿಂದ ರೋಲ್ಯಾಂಡನೂ ನನ್ನನ್ನೇ ನೋಡಿದ. ಏಳು ವರ್ಷ ಹಾಕಿದರು.

ಮೂರು ವಾರದ ಮೇಲೆ ಮಾರುಕಟ್ಟೆಯಲ್ಲಿ ಮೀನಿನ ಅಂಗಡಿಯ ಮುಂದೆ ನಿಂತಿದ್ದೆ. ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಎಡ್ನಾ. ನನಗೆ ಓಡಿಹೋಗಬೇಕೆನಿಸಿತು.

“ನೀವೇನೂ ಹೇಳ್ಬೇಡಿ,” ಎಂದರು. “ಹೇಳೋ ಹಾಗಿಲ್ಲ ಅಂತ ವಕೀಲ್ರು ಹೇಳಿದ್ರು. ನಾನು ಹೇಳ್ತೀನಿ, ನೀವು ಕೇಳಿಸ್ಕೊಳ್ಳಿ ಸಾಕು. ಆ ಇಬ್ರಲ್ಲಿ ನೀವೊಬ್ರು. ನಿಮ್ಮ ಮುಖ ನೋಡಿದೆನಲ್ಲ. ನನ್ನ ಮಗನೂ ನೋಡಿದಾನೆ. ಅಮ್ಮ, ಇಬ್ರು ನಂಬಿದ್ರಲ್ಲ ಅಂತಾನೆ. ಒಳಗೆ ಊಟ ಬಿಟ್ಟಿದ್ದ, ಆ ಮಾತು ಹಿಡ್ಕೊಂಡು ಈಗ ಎರಡು ತುತ್ತು ತಿಂತಿದಾನೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ.”

ನಾನು ಮೀನನ್ನೇ ನೋಡುತ್ತ ನಿಂತೆ. ಕಾನೂನು ಬಾಯಿ ಮುಚ್ಚಿಸಿದ್ದಕ್ಕೆ ಆಗ ಮೊದಲ ಸಲ ಖುಷಿಯಾಯಿತು. ಅಂಥ ಹೇಡಿ ನಾನು.

“ತಪ್ಪೆಲ್ಲ ನಂದೇ,” ಎಂದರು ಎಡ್ನಾ, ಹೋಗುವ ಮುಂಚೆ. “ಅವತ್ತೊಂದು ದಿನ ಆ ಕೋಟು ಒಗೀದೆ ಬಿಟ್ಟಿದ್ರೆ ಆಗಿತ್ತು. ರಕ್ತ ಇಲ್ಲ ಅಂತ ಎಲ್ರೂ ಕಣ್ಣಾರೆ ನೋಡಿರೋರು. ನನ್ನ ಕುದಿಯೋ ನೀರೇ ಅವನನ್ನ ಒಳಗೆ ಹಾಕಿಸ್ತು. ಈಗ ಬಟ್ಟೆ ಎಲ್ಲ ತಣ್ಣೀರಲ್ಲೇ ಒಗೀತೀನಿ.”

ಆ ಮಾತು ಕೇಳಿದ ಮೇಲೆ ನಾನು ನಿದ್ದೆ ಮಾಡಲಿಲ್ಲ. ಮೂರನೇ ದಿನ ರೋಲ್ಯಾಂಡನ ಮೊಕದ್ದಮೆಯ ಕಾಗದಪತ್ರ ನೋಡಿಕೊಂಡ (ಕೋರ್ಟಿನಲ್ಲಿ ವಾದಿಸಿದವರು ಬೇರೆ) ಆರ್ಮಿಟೇಜ್ ಎಂಬ ವಕೀಲರ ಕಚೇರಿಗೆ ಹೋದೆ. ಲಾಂಡ್ರಿಯ ವಿಷಯ ಹೇಳಿದೆ. ಅವರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ನೀವು ಜ್ಯೂರಿಯಲ್ಲಿ ಇದ್ರಾ?”

“ಇದ್ದೆ.”

ಅವರು ಪೆನ್ನು ಕೆಳಗಿಟ್ಟರು. “ಕೋಣೇಲಿ ಏನಾಯ್ತು ಅಂತ ಒಂದು ಅಕ್ಷರ ಹೇಳ್ಬೇಡಿ, ನಿಮಗೂ ಕಷ್ಟ, ನನಗೂ ಕಷ್ಟ. ಬಟ್ಟೆ ವಿಷಯ ಮಾತ್ರ ಇಟ್ಕೊಳ್ತೀನಿ.” ಆಮೇಲೆ ಕೇಳಿದರು, “ಆವತ್ತು ಒಂದು ಚೀಟಿ ಬರೆದು ಕಳಿಸೋಕೆ ಏನಾಗಿತ್ತು ನಿಮಗೆ? ತಮ್ಮ ಕಸುಬಿನ ತಿಳಿವಳಿಕೆ ಬಿಟ್ಟು ಬನ್ನಿ ಅಂತ ಯಾರೂ ಯಾರಿಗೂ ಹೇಳಲ್ಲ. ಚೀಟಿ ಬಂದಿದ್ರೆ ಸಾಹೇಬ್ರು ಆ ಪ್ರಯೋಗಾಲಯದವನನ್ನೇ ಮತ್ತೆ ಕರೆಸಿ ಕೇಳೋರೋ ಏನೋ.”

ಚೀಟಿ ನನ್ನ ಕೈಚೀಲದಲ್ಲೇ ಇತ್ತು. ಅದನ್ನು ಅವರಿಗೆ ತೋರಿಸಲಿಲ್ಲ.

ಆರ್ಮಿಟೇಜ್ ಪಾಪ ಮಾಡಬೇಕಾದ್ದನ್ನು ಮಾಡಿದರು. ನಮ್ಮ ಹಳೆಯ ಲಾಂಡ್ರಿ ಮೇಲ್ವಿಚಾರಕಿಯಿಂದ ಪತ್ರ ಬರೆಸಿ ಮೇಲಿನ ಕೋರ್ಟಿಗೆ ಹಾಕಿದರು. ಐದು ತಿಂಗಳ ಮೇಲೆ ಒಂದು ಹಾಳೆ ಉತ್ತರ ಬಂತು. ಇದು ವಿಚಾರಣೆಯ ಕಾಲದಲ್ಲೇ ಯಾರು ಬೇಕಾದರೂ ತರಬಹುದಾಗಿದ್ದ ಸಾಕ್ಷ್ಯ, ಆಗ ತರಲಿಲ್ಲ, ಈಗ ಕೇಳಲಾಗದು ಎಂದು. ಅಲ್ಲಿಗೆ ಮುಗಿಯಿತು.

ಆದರೂ ಎಡ್ನಾ ತನ್ನನ್ನು ಬೈದುಕೊಳ್ಳುವುದನ್ನಾದರೂ ನಿಲ್ಲಿಸಬೇಕು ಎನಿಸಿತು. ಮೇಲಿನ ಕೋರ್ಟಿಗೆ ಹೋದ ಅರ್ಜಿಯ ಭಾಷೆ ಆಕೆಗೆ ಅರ್ಥವಾಗಿರಲಿಕ್ಕಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಅವರ ಮನೆಯ ಬಾಗಿಲು ತಟ್ಟಿದೆ. ನನ್ನನ್ನು ಕಂಡು ಅವರ ಮುಖ ಅರಳಿತು. ಕೂರಿಸಿದರು, ಚಹಾ ಕೊಟ್ಟರು, ಮನೆಯಲ್ಲೇ ಮಾಡಿದ ಶುಂಠಿ ಕೇಕನ್ನು ದಪ್ಪಗೆ ಕತ್ತರಿಸಿ ತಟ್ಟೆಗೆ ಹಾಕಿದರು.

“ಮಿಸೆಸ್ ಹೋರ್ಸ್‌ಫಾಲ್, ನಿಮ್ಮದೇನೂ ತಪ್ಪಿಲ್ಲ,” ಎಂದೆ. “ನೀವು ಕುದಿಸಿದ್ದೇ ಒಳ್ಳೇದಾಗಿತ್ತು. ರಕ್ತದ ಬಟ್ಟೆ ಕುದಿಸಿದ್ರೆ ಕಲೆ ಕಂದಾಗಿ ಕೂತ್ಕೊಳ್ಳುತ್ತೆ, ಜಪ್ಪಯ್ಯ ಅಂದ್ರೂ ಹೋಗಲ್ಲ. ಕೋಟು ಬೆಳ್ಳಗಿತ್ತಲ್ಲ, ಅದ್ರ ಮೇಲೆ ರಕ್ತ ಇರಲೇ ಇಲ್ಲ ಅಂತ ಅರ್ಥ. ನಾನು ಇಪ್ಪತ್ತಾರು ವರ್ಷ ಆಸ್ಪತ್ರೆ ಬಟ್ಟೆ ಒಗೆದವಳು. ನನಗೆ ಗೊತ್ತು.”

ಅವರು ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. ಕಣ್ಣಲ್ಲಿ ನೀರು ಬಂತು. ಆಮೇಲೆ ನಿಧಾನವಾಗಿ ಕೇಳಿದರು.

“ಕೋರ್ಟಲ್ಲಿ ಕೂತಿದ್ದಾಗ್ಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಒಳಗೆ ಅವರಿಗೆಲ್ಲ ಹೇಳಿದ್ರಾ?”

ನಾನು ಕೇಕಿನ ತಟ್ಟೆಯನ್ನು ಕೆಳಗಿಟ್ಟೆ.

“ಇಂಥ ಮಾತು ಹೇಳಿದ್ಮೇಲೂ ಹತ್ತು ಜನ ಒಪ್ಪಿದ್ರಾ? ಒಬ್ರಾದ್ರೂ ಈ ಕಡೆ ಬರ್ಲಿಲ್ವಾ?”

“ಹೇಳೋ ಹಾಗಿಲ್ಲ, ಕಾನೂನು,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಎಡ್ನಾ ಓದಿದವರಲ್ಲ, ದಡ್ಡರೂ ಅಲ್ಲ. ನನ್ನ ಮುಖವನ್ನು ಅಂದು ಕೋರ್ಟಿನಲ್ಲಿ ನೋಡಿದ ಹಾಗೆಯೇ ನೋಡಿದರು. ಈ ಸಲ ಸರಿಯಾಗಿ ಓದಿಕೊಂಡರು. ಎದ್ದು ಹೋಗಿ ಕಿಟಕಿಯ ಬಳಿ ನನಗೆ ಬೆನ್ನು ಮಾಡಿ ನಿಂತರು.

“ನೀನು ಆ ಇಬ್ರಲ್ಲಿ ಇರ್ಲಿಲ್ಲ,” ಎಂದರು.

ನಾನು ಅತ್ತೆ. ಕ್ಷಮಿಸಿ ಎಂದು ಕೇಳುವ ಮುಖವಿರಲಿಲ್ಲ, ಆದರೂ ಕೇಳಿದೆ. ಚೀಲ ತೆಗೆದುಕೊಂಡು ಎದ್ದೆ.

“ಕೂತ್ಕೋ,” ಎಂದರು ಎಡ್ನಾ, ತಿರುಗದೆಯೇ. “ಅವನಿಗೆ ನಾನು ಇದನ್ನ ಹೇಳಲ್ಲ. ಅವನ ಹತ್ರ ಇರೋದು ಇದೊಂದೇ. ಅದನ್ನೂ ಕಿತ್ಕೊಂಡ್ರೆ ನನ್ನ ಮಗ ಬದುಕಲ್ಲ. ಅವನ ಪಾಲಿಗೆ ನೀನು ಆ ಇಬ್ರಲ್ಲೇ ಇರು. ಅವನು ನಿನ್ನ ವಿಳಾಸ ಕೇಳ್ತಾನೇ ಇದಾನೆ, ನಾನು ಕೊಡ್ತೀನಿ. ಬರೀತಾನೆ. ನೀನು ಉತ್ತರ ಬರಿ. ಅವನು ಹೊರಗೆ ಬರೋವರೆಗೂ ಬರಿ. ಒಂದು ಸಲ ತಪ್ಪಿಸಿದ್ರೂ ನಾನೇ ನಿನ್ನ ಮನೆ ಬಾಗಿಲಿಗೆ ಬರ್ತೀನಿ.”

ಆಗಲಿ ಎಂದೆ. ನನ್ನನ್ನು ಬಾಗಿಲವರೆಗೂ ಕಳಿಸಲು ಅವರು ಬರಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಬರೆಯುತ್ತೇನೆ. ಪಾರಿವಾಳಗಳ ಸುದ್ದಿ, ಹವೆಯ ಸುದ್ದಿ, ವಿಲ್ಫ್‌ನ ಮಂಡಿನೋವು. ಅವನ ಉತ್ತರ ಬರುತ್ತದೆ, ಗೆರೆ ಹಾಕಿದ ಜೈಲಿನ ಕಾಗದದಲ್ಲಿ, ದುಂಡಗಿನ ಅಕ್ಷರ. ಅಲ್ಲಿನ ಅಡುಗೆಮನೆಯಲ್ಲಿ ಬ್ರೆಡ್ಡು ಮಾಡುತ್ತಾನಂತೆ. ಎರಡನೆಯ ವರ್ಷ ಯಾರೋ ಹೊಡೆದು ಹಲ್ಲು ಮುರಿದರು, ಅದನ್ನು ಎರಡೇ ಸಾಲಿನಲ್ಲಿ ಬರೆದಿದ್ದ. ಪ್ರತಿ ಪತ್ರದ ಕೊನೆಗೂ, ಅಂದು ನೀವು ನನ್ನ ಪರ ನಿಂತದ್ದನ್ನು ಮರೆಯುವುದಿಲ್ಲ, ಎಂದು ಇರುತ್ತದೆ. ಅಲ್ಲ ಕಣಪ್ಪ, ನಾನು ನಿಲ್ಲಲಿಲ್ಲ, ಎಂದು ಎಷ್ಟು ಸಲ ಬರೆದು ಹರಿದು ಒಲೆಗೆ ಹಾಕಿದ್ದೇನೋ ಲೆಕ್ಕವಿಲ್ಲ. ಕಾನೂನಿಗೆ ಹೆದರಿ ಹರಿದದ್ದಲ್ಲ, ಅವನ ತಾಯಿಗೆ ಹೆದರಿ.

ಹೋದ ವಾರ ಎಡ್ನಾ ತೀರಿಕೊಂಡರು, ಹೃದಯ ನಿಂತುಹೋಯಿತಂತೆ. ಮಣ್ಣಿಗೆ ಅವನನ್ನು ಕೈಕೋಳ ಹಾಕಿಯೇ ಕರೆತಂದಿದ್ದರು. ನಾನು ಸ್ಮಶಾನದ ಗೋಡೆಯ ಹೊರಗೆ ನಿಂತು ನೋಡಿದೆ, ಒಳಗೆ ಹೋಗಲು ಧೈರ್ಯವಾಗಲಿಲ್ಲ. ಆದರೂ ಅವನು ನನ್ನನ್ನು ಕಂಡುಬಿಟ್ಟ.

ಇವತ್ತು ಅವನ ಪತ್ರ ಬಂದಿದೆ. ನಡತೆ ಚೆನ್ನಾಗಿದೆಯೆಂದು ಶಿಕ್ಷೆ ಕಡಿಮೆಯಾಗಿ ಜುಲೈನಲ್ಲಿ ಬಿಡುತ್ತಾರಂತೆ. ಇನ್ನು ನನಗೆ ಯಾರೂ ಇಲ್ಲ, ನೇರವಾಗಿ ನಿಮ್ಮ ಮನೆಗೇ ಬರಲೇ, ಎಂದು ಕೇಳಿದ್ದಾನೆ. ವಿಲ್ಫ್ ಪತ್ರ ಓದಿ, ಬರಲಿ ಬಿಡೇ, ಪಾಪ, ಅವನನ್ನ ನಂಬಿದ ಇಬ್ಬರಲ್ಲಿ ನೀನೊಬ್ಬಳಲ್ವಾ, ಎಂದ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಲು ಈಗಲೇ ಮೇಲೆ ಹೋಗಿದ್ದಾನೆ.